ಆ ಮನೆಯನ್ನು ಯಾವ ಕಾಲಂನಲ್ಲಿ ಬರೆಯಲಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಂಡಿನಶಿವರದಿಂದ ಒಳಗೆ ಹೋಗಬೇಕಾದ ಆ ಊರಿಗೆ ನಾನು ಮೊದಲ ಸಲ ಹೋದದ್ದು ಬುಧವಾರ ಎಂದು ನನ್ನ ನೆನಪು. ಡೈರಿಯಲ್ಲಿ ಶುಕ್ರವಾರ ಎಂದಿದೆ. ಆ ಮನೆಯವರು ಅವತ್ತು ನನಗೆ ಮಜ್ಜಿಗೆ ಕೊಟ್ಟರೆಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಡೈರಿಯ ಪ್ರಕಾರ ಅವತ್ತು ಅವರು ನನ್ನನ್ನು ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ಆಮೇಲೆ ಆದ ಸಲುಗೆಯನ್ನು ನನ್ನ ಮನಸ್ಸು ಹಿಂದಕ್ಕೆ ಒಯ್ದು ಮೊದಲ ದಿನಕ್ಕೇ ಅಂಟಿಸಿರಬೇಕು. ಹೀಗೆ ಎರಡಕ್ಕೂ ಹೊಂದಿಕೆಯಾಗದ ಕಡೆ ಡೈರಿಯನ್ನೇ ನಂಬಿ ಬರೆಯುತ್ತಿದ್ದೇನೆ. ಡೈರಿ ಬರೆದವಳೂ ನಾನೇ ಎಂಬುದು ಬೇರೆ ಮಾತು.

ನಾನು ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕು ನನ್ನ ಪಾಲಿಗೆ. ಒಂದು ಬೆಳಿಗ್ಗೆ ನಗರದ ಆಸ್ಪತ್ರೆಯೊಂದರಿಂದ ವೈದ್ಯರು ಫೋನ್ ಮಾಡಿದರು. ನಮ್ಮ ಕಡೆಯ ಒಬ್ಬ ಹೆಂಗಸು, ವಯಸ್ಸು ನಲವತ್ತರ ಆಸುಪಾಸು, ಅಲ್ಲಿ ದಾಖಲಾಗಿ ಮೂರು ತಿಂಗಳಾಗುತ್ತ ಬಂದಿತ್ತು.

"ಕಾಯಿಲೆ ಹತೋಟಿಗೆ ಬಂದಿದೆ. ಊರಿಗೆ ಹೋಗ್ತೀನಿ ಅಂತ ದಿನಾ ಕೇಳ್ತಾರೆ" ಎಂದರು ವೈದ್ಯರು. "ಅವರ ಅಣ್ಣ ಒಂದು ಸಲ ಫೋನ್ ತೆಗೆದು ನಮಗೆ ಬೇಡ ಅಂದರು, ಆಮೇಲೆ ತೆಗೀಲೇ ಇಲ್ಲ. ಮನೆಯವರು ಒಪ್ಪಲಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು ಅವರನ್ನ ಇಲ್ಲಿಟ್ಟುಕೊಳ್ಳೋ ಹಾಗಿಲ್ಲ. ನಿಮ್ಮ ಕಡೆ ಸಮುದಾಯದಲ್ಲಿ ಏನು ವ್ಯವಸ್ಥೆ ಇದೆ ನೋಡಿ."

ಸಮುದಾಯದಲ್ಲಿ ಏನಿದೆ? ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕೆ ಒಂದು ಪಟ್ಟಿ ಕೊಡುತ್ತದೆ, ಅದು ನನಗೆ ಬಾಯಿಪಾಠ. ಆಸ್ಪತ್ರೆಯಿಂದ ಮನೆಗೆ ಹೋಗುವ ಮುನ್ನ ಕೆಲವು ಕಾಲ ಇರಲು ನಡುದಾರಿ ಮನೆ. ಒಬ್ಬರೇ ಇರಲಾಗದವರಿಗೆ ಆಶ್ರಯ ವಸತಿ. ಒಬ್ಬರೇ ಇರುವವರಿಗೆ ನೆರವು ಸಿಗುವ ವಸತಿ. ಮನೆಯಲ್ಲೇ ಇರುವವರಿಗೆ, ಅವರ ಕುಟುಂಬಕ್ಕೆ ಬೇಕಾದ ಪುನರ್ವಸತಿ ಸೇವೆ. ಇವನ್ನೆಲ್ಲ ಒದಗಿಸುವುದು ಸರ್ಕಾರದ ಹೊಣೆ. ನನಗೆ ಗೊತ್ತಿದ್ದಂತೆ ನನ್ನ ಮೂರು ತಾಲ್ಲೂಕಿನಲ್ಲಿ ಮೊದಲ ಮೂರರ ಪೈಕಿ ಒಂದೂ ಇರಲಿಲ್ಲ. ನಾಲ್ಕನೆಯದು ಎಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ನಡೆಯುವ ನಮ್ಮ ಕ್ಲಿನಿಕ್, ಊರಿನ ಆಶಾ ಕಾರ್ಯಕರ್ತೆ, ಮತ್ತೆ ಬಸ್ಸಿನಲ್ಲಿ ಓಡಾಡುವ ನಾನು.

ಆ ಶುಕ್ರವಾರ ಆಕೆಯ ಮನೆಗೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತಿದ್ದರು. ಅತ್ತಿಗೆ ಬಾಗಿಲ ಒಳಗೆ ನಿಂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅಣ್ಣ, "ನೀವು ಬರೋದು ಗೊತ್ತಿತ್ತು" ಎಂದು ಎದ್ದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅಟ್ಟ ತೋರಿಸಿದರು. ಅರ್ಧ ಅಟ್ಟ ಖಾಲಿ.

ನಮ್ಮ ಕಡೆ ತೆಂಗಿನಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೇ ಗಡಗಡ ಎನ್ನಬೇಕು. ಅದಕ್ಕೆ ಮೊದಲು ಒಡೆದರೆ ಅದು ಅಡುಗೆಯ ಕಾಯಿಯೂ ಅಲ್ಲ, ಮಾರುವ ಕೊಬ್ಬರಿಯೂ ಅಲ್ಲ. ನಾಲ್ಕು ದಿನಕ್ಕೆ ಮುಗ್ಗಲು ಹಿಡಿಯುತ್ತದೆ.

"ವರ್ಷದ ಅಟ್ಟ ಮೇಡಂ" ಎಂದರು ಅಣ್ಣ. "ನಾವು ತೋಟಕ್ಕೋಗಿದ್ದೋ. ಇವ್ಳು ಮಚ್ಚು ತಗಂಡು ಅಟ್ಟ ಹತ್ತವ್ಳೆ. ನಾವು ಸಂಜಿಗೆ ಬರೋ ಹೊತ್ಗೆ ಅರ್ಧ ಅಟ್ಟ ಒಡ್ದು ಹಾಕಿದ್ಲು. ಏನೇ ಇದು ಅಂದ್ರೆ, ಒಳ್ಗಡೆ ಉಸ್ರು ಕಟ್ಕಂಡು ಒದ್ದಾಡ್ತಾವ್ರೆ, ಬುಡಿಸ್ತಿದೀನಿ ಅಂತಾಳೆ. ಕೈಯಾಗೆ ಮಚ್ಚೈತೆ. ಹಗ್ಗದಾಗೆ ಕಟ್ಟಿ ಜೀಪ್‌ಗಾಕಂಡು ಹೋದೋ."

"ಹಾಗೆ ಕಟ್ಟಬಾರದು ಅಂತ ಕಾನೂನಿದೆ ಅಣ್ಣ" ಎಂದೆ.

"ಆ ಕಾನೂನು ಬರ್ದೋರ ಮನೇಲಿ ಅಟ್ಟ ಇತ್ತಾ ಮೇಡಂ?"

ಅವರೇ ಮುಂದುವರಿದರು. ತಂಗಿ ಗಂಡನ ಮನೆಯಿಂದ ವಾಪಸು ಬಂದು ಬಹಳ ವರ್ಷವಾಯಿತು, ಇಷ್ಟು ದಿನ ನೋಡಿಕೊಂಡದ್ದು ಸಾಕು. ಆಸ್ತಿ ಭಾಗವಾದಾಗ ಅವಳು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದಾಳೆ, ಕಾಗದ ಬೀರುವಿನಲ್ಲಿದೆ. "ಸರ್ಕಾರ್‌ದೋರು ಅಂಥೋರಿಗೆ ಮನೆ ಕಟ್ಸವ್ರಂತಲ್ಲ, ಅಲ್ಲಿಗಾಕಿ" ಎಂದರು. ಅಂಥ ಮನೆ ಇಲ್ಲಿ ಇಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಅಲ್ಲಿಯವರೆಗೆ ಮಾತಾಡದಿದ್ದ ಅತ್ತಿಗೆ ಒಂದೇ ಮಾತು ಕೇಳಿದರು: "ನಾನು ತ್ವಾಟಕ್ಕೋದಾಗ ಯಾರ್ ನೋಡ್ಕಳ್ಳದು ಮೇಡಂ?"

ಈ ಮಾತನ್ನು ಬರೆದುಕೊಂಡೆ, ಕೆಳಗೆ ಒಂದು ಗೆರೆಯನ್ನೂ ಎಳೆದೆ. ಆದರೆ ಅಣ್ಣನ ಸಿಟ್ಟೇ ದೊಡ್ಡದಾಗಿ ಕಂಡದ್ದರಿಂದ ಮುಂದಿನ ಮೂರು ವಾರ ಆ ಗೆರೆಯ ಕಡೆ ನೋಡಲಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಕೊಬ್ಬರಿ ಚಿಪ್ಪು ಒಡೆಯುವ ಹೆಂಗಸರ ಗುಂಪಿನ ಹಿರಿಯಮ್ಮ ಹುಡುಕಿಕೊಂಡು ಬಂದರು. ಊರಿನ ಕೊಬ್ಬರಿ ಗೋದಾಮಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಅವರ ವಾಸ. ಆಸ್ಪತ್ರೆಯಲ್ಲಿದ್ದ ಆಕೆ ಸುಗ್ಗಿಯಲ್ಲಿ ಇವರ ಗುಂಪಿನ ಜೊತೆ ಕೆಲಸಕ್ಕೆ ಹೋಗುತ್ತಿದ್ದರಂತೆ.

"ನಮ್ಮನೆಗೆ ಕಳ್ಸವ್ವ" ಎಂದರು ಹಿರಿಯಮ್ಮ. "ಅವ್ಳ ಕೈ ನಂಗೊತ್ತು. ಉಂಡೆ ಮ್ಯಾಲೆ ಒಂದು ಗೀರು ಬೀಳ್ದಂಗೆ ಚಿಪ್ಪು ಬುಡಿಸ್ತಾಳೆ. ಅಂಥೋಳ್ನ ಇವ್ನು ಬ್ಯಾಡ ಅಂತಾನೆ, ಮಂಕು ಮುಂಡೇದು."

ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ ತಪ್ಪು ಮಾಡಿದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವವರಿಗಾಗಿ ಜಿಲ್ಲಾ ಕಚೇರಿಗೆ ಕಳಿಸುವ ನಮೂನೆಯೊಂದಿತ್ತು. ಅದರಲ್ಲಿ 'ಬಿಡುಗಡೆಯ ನಂತರ ಒದಗಿಸುವ ಸಮುದಾಯ ಸೇವೆ' ಎಂಬ ಕಾಲಂ. ಎಷ್ಟೋ ತಿಂಗಳಿಂದ ಅಲ್ಲಿ ಬರೀ ಕ್ಲಿನಿಕ್, ಕ್ಲಿನಿಕ್ ಎಂದು ತುಂಬಿಸಿ ಬೇಸತ್ತಿದ್ದೆ. ಈ ಸಲ ಹಿರಿಯಮ್ಮನ ಮನೆಯ ವಿಳಾಸ ಕೊಟ್ಟು 'ಆಶ್ರಯ ವಸತಿ' ಎಂದು ಬರೆದೆ. ಕಾಯ್ದೆಯ ಪಟ್ಟಿಯಲ್ಲಿನ ಒಂದು ದೊಡ್ಡ ಮಾತು ಕೊನೆಗೂ ನನ್ನ ತಾಲ್ಲೂಕಿಗೆ ಬಂತಲ್ಲ ಎಂಬ ಹೆಮ್ಮೆ ಇತ್ತೆಂದು ಈಗ ಅನ್ನಿಸುತ್ತದೆ. ಡೈರಿಯಲ್ಲಿ ಆ ಹೆಮ್ಮೆಯ ಸುಳಿವಿಲ್ಲ. ಹೆಮ್ಮೆಯನ್ನು ನಾನು ಬರೆದುಕೊಳ್ಳುವುದು ಕಡಿಮೆ.

ಐದಾರು ದಿನಕ್ಕೆ ಕಚೇರಿಯ ಅಧಿಕಾರಿಯ ಫೋನ್ ಬಂತು.

"ಮೇಡಂ, ನಿಮ್ಮ ಆಶ್ರಯ ವಸತಿಯ ನೋಂದಣಿ ಸಂಖ್ಯೆ ಹಾಕಿಲ್ಲ."

"ಅದು ಒಬ್ಬರ ಮನೆ ಸರ್."

"ಮನೆ ಅಂತ ಬರೆದಿಲ್ಲವಲ್ಲ ನೀವು. ಎಷ್ಟು ಹಾಸಿಗೆ?"

"ಒಂದು ಚಾಪೆ ಸರ್."

"ಸರಿ ಮೇಡಂ, ಯಾರನ್ನಾದರೂ ಕಳಿಸಿ ನೋಡಿಸ್ತೀನಿ."

ಅವರದೇನೂ ತಪ್ಪಿಲ್ಲ. ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡು ಆರೈಕೆ ಮಾಡುವ ಯಾವುದೇ ಸಂಸ್ಥೆ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಲೇಬೇಕು. ಯಾರ ಕಣ್ಣಿಗೂ ಬೀಳದ ಗೋಡೆಗಳ ಹಿಂದೆ ಜನರನ್ನು ಕೂಡಿಹಾಕಬಾರದೆಂದು ಆ ನಿಯಮ ಮಾಡಿದ್ದಾರೆ. ನಾನೇ ಒಂದು ಮನೆಗೆ ಸಂಸ್ಥೆಯ ಹೆಸರಿಟ್ಟಿದ್ದೆ. ಅವರು ಸಂಸ್ಥೆಗೆ ಕೇಳಬೇಕಾದ್ದನ್ನು ಕೇಳಿದರು.

ಮಾರನೆಯ ವಾರ ಹಿರಿಯಮ್ಮ ಯಾರದೋ ಫೋನಿನಿಂದ ನನಗೆ ಕರೆ ಮಾಡಿ ಕೂಗಾಡಿದರು. "ನಮ್ಮನೇನ ಆಸ್ಪತ್ರೆ ಅಂತ ಬರ್ಕೊಟ್ಟಿದೀಯಂತಲ್ಲ ಕಣವ್ವಾ! ಯಾವನೋ ಬಂದು ಟೇಪ್ ಹಿಡ್ಕಂಡು ಬಚ್ಚಲು ಅಳೀತಾವ್ನೆ! ಬೆಂಕಿ ಬಿದ್ರೆ ಆಚೆಗೋಗಕ್ಕೆ ಎರಡನೇ ಬಾಗ್ಲೆಲ್ಲಿ ಅಂತಾನೆ. ಬೆಂಕಿ ಯಾಕಪ್ಪ ಬೀಳ್ತದೆ ಅಂದೆ."

ನಾನು ನಕ್ಕೆ. ಅವರು ನಗಲಿಲ್ಲ.

"ನಗಬ್ಯಾಡ. ಗೋದಾಮು ಓನರ್ರು ಮನೆ ಖಾಲಿ ಮಾಡು ಅಂತಾವ್ರೆ. ನಮ್ ಹೆಂಗಸ್ರೂ ಈಗ ನಮ್ಮನೆ ಮುಂದೆ ಕುಂತ್ಕಳಾಕೆ ಯೋಚ್ನೆ ಮಾಡ್ತಾವ್ರೆ. ನಾನು ಅವ್ಳನ್ನ ಕರ್ಕಳದು ಆಗಕಿಲ್ಲ ಬುಡವ್ವ."

ಇದ್ದ ಒಂದೇ ಬಾಗಿಲನ್ನೂ ನಾನೇ ಮುಚ್ಚಿದ್ದೆ. ಅತ್ತ ಆಸ್ಪತ್ರೆಯಲ್ಲಿ ಆಕೆ ದಿನಾ ಬೆಳಿಗ್ಗೆ ಬ್ಯಾಗ್ ಜೋಡಿಸಿಕೊಂಡು ಕೂರುತ್ತಾರೆಂದು ನರ್ಸ್ ಹೇಳಿದ್ದರು. ಮನೆಯಿಲ್ಲದವರನ್ನು ಬೇರೆ ಜಿಲ್ಲೆಯ ನಿರಾಶ್ರಿತರ ಕೇಂದ್ರಕ್ಕೆ ಕಳಿಸುವುದು ಉಳಿದಿದ್ದ ದಾರಿ. ಅಲ್ಲಿಗೆ ಹೋದವರು ಇತ್ತ ಬಂದದ್ದನ್ನು ನಾನು ನೋಡಿರಲಿಲ್ಲ.

ತಪ್ಪನ್ನು ತಿದ್ದಲು ಕಾಯ್ದೆಯ ಪುಸ್ತಕ ತೆಗೆದೆ. ಸಂಸ್ಥೆ ಎಂದರೇನು ಎಂದು ಹೇಳುವ ಕಡೆಯಲ್ಲೇ ಯಾವುದು ಸಂಸ್ಥೆಯಲ್ಲ ಎಂದೂ ಹೇಳಿದೆ: ಒಬ್ಬರು ತಮ್ಮ ಸಂಬಂಧಿಕರ ಜೊತೆಗೋ ಸ್ನೇಹಿತರ ಜೊತೆಗೋ ವಾಸಿಸುವ ಮನೆ ಸಂಸ್ಥೆಯಾಗುವುದಿಲ್ಲ. ಇದನ್ನು ನಾನು ಪರೀಕ್ಷೆಗೆ ಓದಿದ್ದೆ. 'ಸ್ನೇಹಿತೆಯ ಮನೆಯಲ್ಲಿ ವಾಸ' ಎಂದು ಬರೆದಿದ್ದರೆ ಯಾರೂ ಬಚ್ಚಲು ಅಳೆಯುತ್ತಿರಲಿಲ್ಲ. ಕಚೇರಿಗೆ ಪತ್ರ ಬರೆದು ನಮೂನೆಯನ್ನು ವಾಪಸು ಪಡೆಯುವುದು, ಹಿರಿಯಮ್ಮನನ್ನೂ ಗೋದಾಮಿನ ಮಾಲೀಕರನ್ನೂ ಸಮಾಧಾನ ಮಾಡುವುದು, ಆಕೆಯನ್ನು ಅಲ್ಲಿಗೇ ಕರೆತರುವುದು ಎಂದು ಲೆಕ್ಕ ಹಾಕಿದೆ. ಪತ್ರದ ಕರಡಿಗೆ ತಾರೀಖುಗಳು ಬೇಕಿದ್ದವು. ಡೈರಿಯನ್ನು ಮೊದಲ ದಿನದಿಂದ ಓದಿದೆ.

ವೈದ್ಯರು ಹೇಳಿದ್ದು ಇತ್ತು. ಅಣ್ಣ ಹೇಳಿದ್ದು ಎರಡು ಪುಟ. ಅತ್ತಿಗೆಯ ಒಂದು ಮಾತು, ಕೆಳಗೆ ಗೆರೆ. ಹಿರಿಯಮ್ಮ, ಅಧಿಕಾರಿ, ನರ್ಸ್, ಮನೆ ಅಳೆಯಲು ಹೋದವನು ಎಲ್ಲರೂ ಇದ್ದರು. ಮೂರು ವಾರದ ಬರಹದಲ್ಲಿ ಆಕೆಯದು ಎಂದು ಒಂದು ಮಾತೂ ಇರಲಿಲ್ಲ. ನಾನು ಆಕೆಯನ್ನು ನೋಡಿಯೇ ಇರಲಿಲ್ಲ.

ಕರಡನ್ನು ಅಲ್ಲಿಗೇ ಬಿಟ್ಟೆ. ಮಾರನೆಯ ದಿನ ಆಸ್ಪತ್ರೆಗೆ ಹೋದೆ.

ಆಕೆ ನಾನು ಅಂದುಕೊಂಡದ್ದಕ್ಕಿಂತ ಎತ್ತರ. ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದರು. ನಾನು ಹಿರಿಯಮ್ಮನ ಮನೆಯ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅವ್ಳ ಜೊತೆ ಕೆಲ್ಸಕ್ಕೋಗ್ತೀನಿ. ಮಲಗಾದು ನಮ್ಮನೇಲಿ" ಎಂದರು.

"ನಿಮ್ಮಣ್ಣ ಒಪ್ಪುತ್ತಿಲ್ಲವಲ್ಲ."

"ನೀನು ಯಾರ್‍ಯಾರ್ನ ಕೇಳ್ದೆ?"

ಯಾರ್ಯಾರ ಮಾತು ಕೇಳಿದ್ದೆನೋ ಅವರನ್ನೆಲ್ಲ ಹೇಳಿದೆ. ಆಕೆ ಬೆರಳು ಮಡಿಸುತ್ತಾ ಹೋದರು. "ಅಳತೆ ಮಾಡಾಕೆ ಬಂದೋನ ಮಾತೂ ಕೇಳಿದೀಯ. ನನ್ನ ಕೊನೇಗೆ ಕೇಳ್ತಿದೀಯ."

ತಪ್ಪಾಯಿತು ಎಂದೆ. ಆಕೆ ನಾನು ಕೇಳದೆಯೇ ಅಟ್ಟದ ಮಾತೆತ್ತಿದರು.

"ಆ ಕಾಯಿ ಹಾಳ್ಮಾಡಿದ್ದು ನಂಗೆ ಗ್ಯಾಪ್ನ ಇಲ್ಲ ಅನ್ಕಂಡಿದೀರೇನೋ ಎಲ್ಲ. ಐತೆ. ಅವತ್ತು ಒಳಗಿರೋರ ಸದ್ದು ನಿಜವಾಗ್ಲೂ ಕೇಳ್ತಿತ್ತು. ಈಗ ಕೇಳಕಿಲ್ಲ. ನಂಗೆ ಕಾಯ್ಲೆ ಬರೋ ಮುಂಚೆ ನಾನು ಅಟ್ಟಕ್ಕೆ ಸುಮ್ಸುಮ್ನೆ ಹತ್ತಾಕೆ ಸುರು ಮಾಡ್ತೀನಿ. ಆಗ್ಲೇ ಏಣಿ ತೆಗ್ದುಬುಟ್ಟು ನನ್ನ ಡಾಕ್ಟ್ರತ್ರ ಕರ್ಕಂಡು ಬಂದ್ರೆ ಆಯ್ತು. ಬಸ್ನಾಗೆ ಬತ್ತೀನಿ. ಕಟ್ಟಬ್ಯಾಡಿ."

ಕಾಯ್ದೆಯಲ್ಲಿ ಇದಕ್ಕೊಂದು ಹೆಸರಿದೆ, ಮುಂಗಡ ನಿರ್ದೇಶನ. ನಾಳೆ ನನ್ನ ಬುದ್ಧಿ ನನ್ನ ಕೈಯಲ್ಲಿಲ್ಲದಾಗ ನನಗೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಎಂದು ಯಾರು ಬೇಕಾದರೂ ಇವತ್ತೇ ಬರೆದಿಡಬಹುದು. ತರಬೇತಿಯಲ್ಲಿ ನಾನು ಇದನ್ನು ಎಷ್ಟೋ ಸಲ ವಿವರಿಸಿದ್ದೆ. ನನ್ನ ಕಡೆಯ ಒಬ್ಬರೂ ಬರೆಸಿರಲಿಲ್ಲ. ಆಕೆ ಆ ಹೆಸರನ್ನು ಕೇಳದೆಯೇ ಅದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ವಾಪಸು ಬರುವ ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಸ್ನೇಹಿತೆಯ ಮನೆ ಎಂದು ತಿದ್ದುವುದು ನನಗೆ ಸುಲಭ, ಅಣ್ಣನಿಗೂ ಸುಲಭ. ಆದರೆ ಆಕೆ ಕೇಳುತ್ತಿರುವುದು ತನ್ನ ಮನೆಯನ್ನು. ಮನೆಯವರು ದೂರ ಮಾಡಿದರೆ, ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ಬಳಸಿಕೊಳ್ಳಲು ಸರ್ಕಾರ ನೆರವಾಗಬೇಕು, ಕಾನೂನು ನೆರವನ್ನೂ ಕೊಡಬೇಕು ಎನ್ನುತ್ತದೆ ಕಾಯ್ದೆ. ಈ ಊರಿನ ಮಟ್ಟಿಗೆ ಆ ಸರ್ಕಾರ ಎಂದರೆ ನಾನು. ಸಲೀಸಾದ ದಾರಿ ಬೇಡ ಎಂದುಕೊಂಡೆ.

ತುರುವೇಕೆರೆಯಲ್ಲಿ ಉಚಿತ ಕಾನೂನು ನೆರವಿನ ವಕೀಲೆಯನ್ನು ಕಂಡೆ. ಹಕ್ಕು ಬಿಟ್ಟುಕೊಟ್ಟ ಕಾಗದದ ವಿಷಯ ಹೇಳಿದೆ.

"ಪಾಲಿನ ಮಾತೇ ಬೇರೆ, ವಾಸದ ಮಾತೇ ಬೇರೆ. ವಾದ ಮಾಡೋದಕ್ಕೆ ಜಾಗ ಇದೆ" ಎಂದರು ಅವರು. "ಬೇಕಾದರೆ ನೋಟಿಸ್ ಕಳಿಸ್ತೀನಿ. ಆದರೆ ಕೋರ್ಟಿಂದ ಒಳಗೆ ಹೋದವಳಿಗೆ ಆ ಮನೇಲಿ ತಟ್ಟೆ ಇಡೋರು ಯಾರು ಯೋಚನೆ ಮಾಡಿ. ನೋಟಿಸನ್ನ ನಿಮ್ಮ ಬ್ಯಾಗಲ್ಲಿಟ್ಟುಕೊಂಡು ಮೊದಲು ಮಾತಾಡಿ ಬನ್ನಿ."

ಬ್ಯಾಗಿನಲ್ಲಿಟ್ಟುಕೊಂಡೆ. ಅದನ್ನು ಕೊನೆಯವರೆಗೂ ಹೊರಗೆ ತೆಗೆಯಲಿಲ್ಲ. ಆದರೆ ಅದು ಅಲ್ಲಿದೆ ಎಂಬುದು ನನ್ನ ದನಿಗೆ ಬಲ ಕೊಟ್ಟಿತು.

ಅಣ್ಣನಿಗೆ ಒಂದೇ ಒಂದು ಸಲ ಕೂತು ಮಾತಾಡೋಣ, ಆಮೇಲೆ ನಿಮ್ಮಿಷ್ಟ ಎಂದು ಹೇಳಿ ಕಳಿಸಿದೆ. ಆಸ್ಪತ್ರೆಯವರು ಒಂದು ದಿನದ ಮಟ್ಟಿಗೆ ಆಕೆಯನ್ನು ನನ್ನ ಜೊತೆ ಕಳಿಸಿದರು. ಹಳೆಯ ನಮೂನೆಯನ್ನು ವಾಪಸು ಪಡೆದು, ಗೋದಾಮಿನ ಮಾಲೀಕರನ್ನು ಸಮಾಧಾನ ಮಾಡಿ, ಹಿರಿಯಮ್ಮನನ್ನೂ ಕರೆದೆ. ನನ್ನ ಮೇಲಿನ ಸಿಟ್ಟು ಇಳಿಯದಿದ್ದರೂ ಬಂದರು. ಎರಡು ವಿಷಯಗಳಲ್ಲಿ ಹಟ ಹಿಡಿದೆ. ಆಕೆ ಎಲ್ಲರ ಜೊತೆ ಒಂದೇ ಜಮಖಾನದ ಮೇಲೆ ಕೂರಬೇಕು. ಮೊದಲು ಅತ್ತಿಗೆ ಮಾತಾಡಬೇಕು.

"ಅವ್ಳೇನ್ ಮಾತಾಡ್ತಾಳೆ?" ಎಂದರು ಅಣ್ಣ.

"ಹಗಲೆಲ್ಲ ಜೊತೆಗಿದ್ದವರು ಅವರು" ಎಂದು ಅತ್ತಿಗೆಯ ಕಡೆ ತಿರುಗಿದೆ. "ಕಾಯಿಲೆ ಜಾಸ್ತಿ ಆಗೋ ಮುಂಚೆ ನಿಮಗೆ ಏನಾದರೂ ಗೊತ್ತಾಗಿತ್ತಾ ಅಕ್ಕ?"

"ಗೊತ್ತಾಗ್ದೆ ಏನು?" ಅತ್ತಿಗೆ ಸೆರಗು ಸರಿಮಾಡಿಕೊಂಡು ಕೂತರು. "ಮೊದ್ಲು ತಲೆ ಬಾಚ್ಕಳದು ಬುಡ್ತಾಳೆ. ಆಮೇಲೆ ಹಸೀಗೆ ಹುಲ್ಲಾಕಿದ್ರೂ ಹಾಕಿಲ್ಲ ಅಂತ ತಿರ್ಗಾ ತಿರ್ಗಾ ಹಾಕ್ತಾಳೆ. ಅದಾಗಿ ನಾಕೈದು ದಿನಕ್ಕೆ ಅಟ್ಟ ಹತ್ತೋದು, ಇಳ್ಯೋದು, ಕಾಯಿ ಕಿವಿಗಿಟ್ಕಳದು. ಮಚ್ಚು ಹಿಡ್ದಿದ್ದು ಅದಾದ್ಮೇಲೆ."

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದರು ಅಣ್ಣ.

"ಹೇಳ್ದೆ. ನೀವು ಟೀವಿ ಸೌಂಡು ಜಾಸ್ತಿ ಮಾಡಿದ್ರಿ."

ಹಿರಿಯಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ಆಕೆಯೂ ನಕ್ಕರು. ನಾನು ಬರೆದುಕೊಳ್ಳುತ್ತಿದ್ದೆ. ಯಾವ ಆಸ್ಪತ್ರೆಯ ಕಡತದಲ್ಲೂ ಇಲ್ಲದ ವಿವರ ಅದು. ಮೊದಲ ಲಕ್ಷಣದಿಂದ ಮಚ್ಚಿನವರೆಗೆ ಒಂದು ವಾರ ಹತ್ತು ದಿನದ ಕಾಲಾವಕಾಶವಿತ್ತು. ಅಷ್ಟರಲ್ಲಿ ತಾಲ್ಲೂಕು ಆಸ್ಪತ್ರೆಗೆ ಬಂದರೆ ಸಾಕಾಗಿತ್ತು.

ಒಂದೊಂದಾಗಿ ಕೂಡಿಸಿಕೊಂಡು ಹೋದೆವು. ದಿನಾ ಮಾತ್ರೆ, ತಿಂಗಳಿಗೊಮ್ಮೆ ಇಂಜೆಕ್ಷನ್, ಅದು ಕ್ಲಿನಿಕ್ ದಿನವೇ. ಹಗಲು ಆಕೆ ಮನೆಯಲ್ಲಿ ಒಬ್ಬರೇ ಇರದೆ ಹಿರಿಯಮ್ಮನ ಗುಂಪಿನ ಜೊತೆ ಕೆಲಸಕ್ಕೆ ಹೋಗುವುದು. ಅತ್ತಿಗೆ ಮೊದಲ ದಿನ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ಹತ್ತಿರದಲ್ಲಿತ್ತು. ಗುಂಪಿಗೆ ಕೆಲಸವಿಲ್ಲದ ದಿನ ಅತ್ತಿಗೆಯ ಜೊತೆ ತೋಟಕ್ಕೆ. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ಹೋಗುವುದು. ಆಕೆ ಹೇಳಿದಂತೆ ಏಣಿಯ ಮಾತು, ಬಸ್ಸಿನ ಮಾತು, ಕಟ್ಟಬಾರದೆಂಬ ಮಾತು ಕಾಗದಕ್ಕೆ ಬಂದವು.

ಆಮೇಲೆ ನಾಮನಿರ್ದೇಶಿತ ಪ್ರತಿನಿಧಿ. ಕಾಯಿಲೆಯ ಹೊತ್ತಿನಲ್ಲಿ ಆಕೆಯ ಪರವಾಗಿ ವೈದ್ಯರ ಜೊತೆ ಮಾತಾಡಬೇಕಾದವರು. ಅವರನ್ನು ಆಕೆಯೇ ಆರಿಸಬೇಕು. ಅಣ್ಣ ಪೆನ್ನಿಗೆ ಕೈ ಚಾಚಿದರು.

"ಅತ್ತಿಗೆ" ಎಂದರು ಆಕೆ.

"ಒಡಹುಟ್ಟಿದೋನು ನಾನಿದೀನಿ ಕಣೇ!"

"ನೀನು ಕಟ್ಟಿದೋನು ಕಣಣ್ಣ."

ಅಣ್ಣ ಎದ್ದು ಹೊರಗೆ ಹೋದರು. ಎಲ್ಲ ಕೆಟ್ಟಿತು ಎಂದುಕೊಂಡೆ, ಬ್ಯಾಗಿನ ಮೇಲೆ ಕೈಯಿಟ್ಟೆ. ಎಷ್ಟು ಹೊತ್ತಾಯಿತೋ ತಿಳಿಯದು. ನೆನಪಿನಲ್ಲಿ ಅದು ಅರ್ಧ ಗಂಟೆ, ಡೈರಿಯಲ್ಲಿ ಬರೀ 'ಹೋಗಿ ಬಂದರು' ಎಂದಿದೆ. ಬಂದವರು ಕಂಬಕ್ಕೆ ಒರಗಿ ನಿಂತು ಹೇಳಿದರು: "ಆಯ್ತು. ಮೂರು ತಿಂಗ್ಳು ನೋಡಾನ. ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಕಳ್ಸೋದೇಯ."

"ಇಂಜೆಕ್ಷನ್‌ಗೆ ತಾರೀಕು ಹಾಕಾನ, ಮನೆಗೆ ತಾರೀಕು ಹಾಕಾದು ಬ್ಯಾಡ" ಎಂಬ ಮಾತು ಆಗ ಬಂತು. ಈ ಮಾತನ್ನು ನಾನೇ ಹೇಳಿದೆ ಎಂದು ಬಹಳ ದಿನ ನಂಬಿದ್ದೆ, ಒಂದು ತರಬೇತಿಯಲ್ಲಿ ನನ್ನದೆಂದೇ ಹೇಳಿಯೂ ಇದ್ದೇನೆ. ಡೈರಿಯಲ್ಲಿ ಅದು ಅತ್ತಿಗೆಯ ಮಾತು.

ಅತ್ತಿಗೆ ಒಪ್ಪಿಗೆಯ ಸಹಿ ಹಾಕಿದರು. ನಿರ್ದೇಶನದ ಕಾಗದಕ್ಕೆ ಇಬ್ಬರು ಸಾಕ್ಷಿ ಬೇಕು. ಹಿರಿಯಮ್ಮ ಹೆಬ್ಬೆಟ್ಟು ಒತ್ತುವಾಗ "ಇದು ನಮ್ಮನೇನ ಆಸ್ಪತ್ರೆ ಮಾಡೋ ಕಾಗ್ದ ಅಲ್ಲ ತಾನೇ?" ಎಂದು ಎರಡು ಸಲ ಕೇಳಿದರು. ಇನ್ನೊಂದು ಸಾಕ್ಷಿಗೆ ಅಣ್ಣ ತಾವೇ ಮುಂದೆ ಬಂದರು. ತಾವು ಮಾಡಿದ ಕೆಲಸವನ್ನು ಮುಂದೆ ಯಾರೂ ಮಾಡಬಾರದೆಂದು ಬರೆದ ಕಾಗದ ಅದು. ಓದಿ ಹೇಳಲೇ ಎಂದೆ. "ಬ್ಯಾಡ, ಕೇಳಿಸ್ಕಂಡೆ" ಎಂದು ಸಹಿ ಹಾಕಿದರು. ಅದನ್ನು ನೋಂದಣಿಗೆಂದು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕಳಿಸಿದೆ. ಮುಂದಿನ ವಾರ ಆಕೆ ಮನೆಗೆ ಬಂದರು.

ಮನೆಗೆ ಬಂದ ನಂತರದ ಎಲ್ಲವೂ ಸುಸೂತ್ರ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಅಣ್ಣ ಆಕೆಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ, ಅತ್ತಿಗೆಯ ಮೂಲಕ ಹೇಳಿಸುತ್ತಿದ್ದರು. ಒಂದು ಕ್ಲಿನಿಕ್ಕಿಗೆ ಔಷಧಿ ಬಂದಿರಲಿಲ್ಲ, ನಾನು ಹಾಸನದ ರಸ್ತೆಯ ಇನ್ನೊಂದು ಆಸ್ಪತ್ರೆಗೆ ಅಲೆದು ತಂದೆ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತಿಗೆಯ ಫೋನ್.

"ಮೇಡಂ, ಎರಡು ದಿನದಿಂದ ಜಡೆ ಹಾಕ್ಕಂಡಿಲ್ಲ. ಇವತ್ತು ಅಟ್ಟಕ್ಕೆ ಎರಡು ಸಲ ಹತ್ತಿದ್ಲು. ಏಣಿ ಇಳಿಸಿದೀವಿ. ಬಸ್ನಾಗಿದೀವಿ, ಬತ್ತಿದೀವಿ."

"ಇಳಿಸೋಕೆ ಬಿಟ್ಟರಾ?"

"ಒಂದು ತುದಿ ಅವ್ಳೇ ಹಿಡ್ಕಂಡಿದ್ಲು. ಬೈಕಂಡೇ ಹಿಡ್ಕಂಡ್ಲು ಅನ್ನಿ."

ತಾಲ್ಲೂಕು ಆಸ್ಪತ್ರೆಯ ವೈದ್ಯರು ನಮ್ಮ ಮನೋವೈದ್ಯರಿಗೆ ಫೋನ್ ಮಾಡಿ ಕೇಳಿ ಮಾತ್ರೆಯ ಪ್ರಮಾಣ ಬದಲಿಸಿದರು. ದಾಖಲು ಮಾಡಬೇಕಾಗಲಿಲ್ಲ. ಮಧ್ಯಾಹ್ನ ಇಬ್ಬರೂ ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದು ಸಂಜೆಯ ಬಸ್ಸಿಗೆ ಊರಿಗೆ ಹೋದರು.

ಇಷ್ಟಾದ ಮೇಲೆ ಜಿಲ್ಲಾ ಕಚೇರಿಗೆ ಹೊಸ ನಮೂನೆ ಕಳಿಸಬೇಕಾಯಿತು. ವಾಸ ಎಂಬಲ್ಲಿ 'ಕುಟುಂಬದ ಮನೆ' ಎಂದು ಬರೆದೆ. ಸಮುದಾಯ ಸೇವೆ ಎಂಬಲ್ಲಿ ಇಂಜೆಕ್ಷನ್, ಭೇಟಿ, ಮುಂಗಡ ನಿರ್ದೇಶನ, ಪ್ರತಿನಿಧಿ ಎಲ್ಲವನ್ನೂ ಬರೆದೆ. ಅದರ ಕೆಳಗೆ ನಡುದಾರಿ ಮನೆ, ಆಶ್ರಯ ವಸತಿ, ನೆರವಿನ ವಸತಿ ಎಂದು ಮೂರನ್ನೂ ಬಿಡಿಸಿ ಬರೆದು ಮೂರರ ಮುಂದೆಯೂ 'ಇಲ್ಲ' ಎಂದು ಹಾಕಿದೆ. ಅದೇ ಅಧಿಕಾರಿ ಫೋನ್ ಮಾಡಿದರು.

"ಹೀಗೆ ಇಲ್ಲ ಇಲ್ಲ ಅಂತ ಬರೆದರೆ ಮೇಲಿನವರು ಪ್ರಶ್ನೆ ಮಾಡ್ತಾರೆ ಮೇಡಂ."

"ಮಾಡಲಿ ಅಂತಾನೇ ಬರೆದೆ ಸರ್."

ಅವರು "ಸರಿ, ಕಳಿಸ್ತೀನಿ" ಎಂದರು. ಕಳಿಸಿದರೆಂದು ತಿಳಿದುಕೊಂಡೆ. ಆಕೆಯ ವಿಷಯದಲ್ಲಿ ಮನೆ ಕೈ ಹಿಡಿಯಿತು, ಅತ್ತಿಗೆ ಕೈ ಹಿಡಿದರು. ಆದರೆ ಅಂಥ ಅತ್ತಿಗೆ ಇಲ್ಲದವರೂ ನನ್ನ ಪಟ್ಟಿಯಲ್ಲಿದ್ದಾರೆ. ಒಬ್ಬ ಹೆಂಗಸಿನ ಒಳ್ಳೆಯತನವನ್ನು ಸರ್ಕಾರದ ಸೇವೆ ಎಂದು ಲೆಕ್ಕಕ್ಕೆ ತೋರಿಸುವ ತಪ್ಪನ್ನು ನಾನು ಒಂದು ಸಲ ಮಾಡಿದ್ದೆ. ಮತ್ತೆ ಮಾಡುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಆ ಭಾನುವಾರ ಕಂದಿಕೆರೆಗೆ, ನಮ್ಮ ಮನೆಗೆ ಹೋಗಿದ್ದೆ. ಈಗ ಅದು ನನ್ನ ತಮ್ಮನ ಮನೆ. ಆಕೆಯ ಅಣ್ಣನ ಬೀರುವಿನಲ್ಲಿದ್ದಂಥ ಕಾಗದವೇ ನನ್ನ ತಮ್ಮನ ಬೀರುವಿನಲ್ಲೂ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಹೋಟೆಲಿನಲ್ಲಿ ದೋಸೆ ತಿಂದು ಬಂದವಳು ನಾನು. ಕಾನೂನು ಓದಿ ಬೇರೆಯವರಿಗೆ ಹೇಳುವವಳು ಅವತ್ತು ಒಂದು ಸಾಲನ್ನೂ ಓದಿರಲಿಲ್ಲ. ಅದರ ಬಗ್ಗೆ ನನಗೆ ಈಗಲೂ ಜಗಳವಿಲ್ಲ. ತಮ್ಮ ಒಳ್ಳೆಯವನು, ಹೋದಾಗಲೆಲ್ಲ ಬುತ್ತಿ ಕಟ್ಟಿಸಿ ಕಳಿಸುತ್ತಾನೆ.

ಊಟವಾದ ಮೇಲೆ ಅವನು ಹೊಸದಾಗಿ ಮಾಡಿಸಿದ ಕೋಣೆಗಳನ್ನು ತೋರಿಸಿದ. ಇದು ಮಕ್ಕಳಿಗೆ, ಇದು ಬಂದವರಿಗೆ, ಇದು ದೇವರಿಗೆ. ಎಲ್ಲ ನೋಡಿ ಮುಗಿದ ಮೇಲೆ ಕೇಳಿದೆ.

"ಲೋ, ನಾಳೆ ನಂಗೇ ತಲೆ ಕೆಟ್ಟು, ಆಸ್ಪತ್ರೆಯಿಂದ ವಾಪಸ್ ಬಂದೆ ಅನ್ಕೋ. ಈ ಮನೇಲಿ ನಾನು ಎಲ್ಲಿ ಮಲಗ್ಲಿ?"

"ಏನಕ್ಕ ನೀನು, ಎಂಥೆಂಥದೋ ಮಾತಾಡ್ತೀಯ" ಎಂದ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಬೈಕ್ ತೆಗೆದ. ಅದಾದ ಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಅವನು ಇನ್ನೂ ಹೇಳಿಲ್ಲ.